ಗೇಣುದ್ದದ ತಾಮ್ರದ ಕೊಳವೆ

ಸಬೂರ್ ಮೀನಿನ ಹುರುಪೆಯನ್ನು ಬಾಲದಿಂದ ತಲೆಯ ಕಡೆಗೆ ಕೆರೆಯಬೇಕು. ಅಂಗಳದ ನಲ್ಲಿಯ ಕೆಳಗೆ ಕೂತು ನಾನು ಮೂರನೆಯ ಮೀನಿಗೆ ಕೈ ಹಾಕಿದ್ದೆ. ಮಗಳು ಬುಸೈನಾ ಎದುರಿಗೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಆಗ ಅವಳ ಮಗಳು ನದಾ ಶಾಲೆಯ ಚೀಲವನ್ನು ಬಾಗಿಲಲ್ಲೇ ಎಸೆದು ಒಳಗೆ ಬಂದಳು.

“ಯುಮ್ಮಾ, ದಿಂಬು ಅಂದ್ರೆ ಬೈಗುಳಾನಾ?” ಎಂದು ಅಮ್ಮನನ್ನು ಕೇಳಿದಳು.

“ದಿಂಬು ಅಂದ್ರೆ ದಿಂಬು. ಕೈಕಾಲು ತೊಳ್ಕೋ ಹೋಗು.”

“ಮತ್ತೆ ನನ್ನನ್ನ ಎಲ್ಲರೂ ದಿಂಬಿನ ಮಗಳು ಅಂತಾರೆ. ಆಟದ ಬೆಲ್ಲು ಹೊಡೆದಾಗ ನಾಲ್ಕು ಜನ ಸೇರಿ ಗೊರಕೆ ಹೊಡೆದು ತೋರಿಸಿದ್ರು.”

ಬುಸೈನಾಳ ಚಾಕು ನಿಂತಿತು. ಕಣ್ಣೀರಿಗೆ ಈರುಳ್ಳಿಯ ನೆಪ ಕೈಯಲ್ಲೇ ಇತ್ತು, ಆದರೂ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನಾನು ಮೀನಿನ ಹೊಟ್ಟೆ ಸೀಳಿದೆ. ನದಾ ಅಜ್ಜಿಯಾದ ನನ್ನನ್ನು ಕೇಳಿದಳು: “ಬೀಬಿ, ನೀನಾದ್ರೂ ಹೇಳು. ನಮ್ಮಪ್ಪ ನಿದ್ದೆ ಮಾಡಿದ್ರಾ?”

“ಇಲ್ಲ ನನ್ನ ಕಣ್ಣೇ,” ಎಂದೆ. “ನಿಮ್ಮಪ್ಪ ನಿದ್ದೆ ಮಾಡ್ಲಿಲ್ಲ.”

“ನಿಂಗೆ ಹೇಗೆ ಗೊತ್ತು?”

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು. ಆರು ವಾರದಿಂದ ಇತ್ತು. ನಲ್ಲಿಯನ್ನು ಜೋರಾಗಿ ಬಿಟ್ಟೆ.

ನನ್ನ ಅಳಿಯ ಸಬ್ರಿ ಹನ್ನೊಂದು ವರ್ಷದಿಂದ ನಮ್ಮ ಬಸ್ರಾದಿಂದ ಉತ್ತರದ ಚಳಿಯ ಊರು ಮೋಸುಲಿಗೆ ಬಾಡಿಗೆ ಕಾರು ಓಡಿಸುತ್ತಿದ್ದ. ಕಾರು ಅವನದಲ್ಲ, ಮೋಸುಲಿನ ಹಾಜಿ ಯೂನಿಸ್ ಎಂಬವರದು. ಅಮೆರಿಕದ ಉದ್ದನೆಯ ಕಾರು, ಐದು ಜನ ಪ್ರಯಾಣಿಕರು. ಜನವರಿಯಲ್ಲಿ ಒಂದು ಬೆಳಿಗ್ಗೆ, ಮೋಸುಲಿಗೆ ಇನ್ನು ಗಂಟೆಯ ದಾರಿ ಇರುವಾಗ, ಆಲಿಕಲ್ಲು ಬೆರೆತ ಮಳೆಯಲ್ಲಿ ಕಾರು ರಸ್ತೆ ಬಿಟ್ಟು ಮೋರಿಗೆ ಇಳಿಯಿತು. ಸಬ್ರಿಯ ಬಲಗೈ ಮಣಿಕಟ್ಟು ಮುರಿಯಿತು. ಮುಂದೆ ಕೂತಿದ್ದ ಶಾಲಾ ಮೇಷ್ಟ್ರ ಹೆಗಲೆಲುಬು ಮುರಿಯಿತು. ದೇವರು ದೊಡ್ಡವನು, ಯಾರೂ ಸಾಯಲಿಲ್ಲ.

ಒಳಗಿನ ಗಾಜೆಲ್ಲ ಆವಿ ಕಟ್ಟಿ ಬೆಳ್ಳಗಾಯಿತು, ಆ ಚಳಿಗಾಲದಲ್ಲಿ ಮೊದಲ ಸಲ ಹೀಟರಿನ ಹಿಡಿಯನ್ನು ಕೆಂಪಿನ ಕೊನೆಯವರೆಗೆ ತಳ್ಳಿದೆ, ಬಿಸಿ ಬರಲೇ ಇಲ್ಲ, ತಣ್ಣನೆ ಗಾಳಿಯೇ ಬಂತು, ತೋಳಿನಿಂದ ಒರೆಸುತ್ತಾ ಒರೆಸುತ್ತಾ ಹೋದೆ ಎಂದು ಸಬ್ರಿ ಹೇಳಿದ. ಮುಂದಿದ್ದ ಮೇಷ್ಟ್ರೂ ಸೇರಿ ಕೂತವರೆಲ್ಲ ತೂಕಡಿಸುತ್ತಿದ್ದವರು, ಅವರಿಗೇನು ಗೊತ್ತು? ಹಾಜಿ ಯೂನಿಸ್ ನಂಬಲಿಲ್ಲ. “ಹೋದ ಜುಲೈನಲ್ಲಿ ನಿನ್ನ ಮಾವನೇ ಆ ಕಾರಿನ ಏಸಿ, ಹೀಟರು ಎಲ್ಲಾ ನೋಡಿ ಸರಿಮಾಡಿ ಕಳಿಸಿದಾರೆ. ಬಸ್ರಾದಲ್ಲಿ ಅವರ ಕೈ ಮೀರಿಸಿದವರಿಲ್ಲ. ಕೆಟ್ಟಿದ್ದು ಹೀಟರಲ್ಲ, ನಿನ್ನ ಕಣ್ಣು. ನೀನು ನಿದ್ದೆ ಮಾಡಿದೆ,” ಎಂದರು. ಕಾರಿನ ಮೂತಿ ಎಂಜಿನ್ನಿನ ತನಕ ನುಗ್ಗಾಗಿದ್ದರಿಂದ ಯಾರೂ ಒಳಗೆ ಬಗ್ಗಿ ನೋಡಲಿಲ್ಲ. ಟ್ರಾಫಿಕ್ ಕಚೇರಿಯವರು ಮಾಲೀಕನ ಹೇಳಿಕೆ ಬರೆದುಕೊಂಡು ಸಬ್ರಿಯ ಲೈಸೆನ್ಸನ್ನು ಇಟ್ಟುಕೊಂಡರು. ಸುದ್ದಿ ಬಸ್ರಾದ ಕಾರು ನಿಲ್ದಾಣಕ್ಕೆ ಸಬ್ರಿಗಿಂತ ಮೊದಲೇ ಬಂತು. ಅವನು ಕೈಗೆ ಪಟ್ಟಿ ಕಟ್ಟಿಕೊಂಡು ಅಲ್ಲಿ ಇಳಿಯುವ ಹೊತ್ತಿಗೆ ಅವನಿಗೆ ಹೊಸ ಹೆಸರು ಇಟ್ಟಾಗಿತ್ತು: ದಿಂಬು.

ಬಾಡಿಗೆ ಮನೆ ಬಿಟ್ಟು ಹೆಂಡತಿ, ಮಗಳ ಜೊತೆ ಅವನು ನಮ್ಮ ಮನೆಗೆ ಬಂದ. ಮಾವನ ಮನೆಯಲ್ಲಿ ಇರುವುದು ನಮ್ಮಲ್ಲಿ ಗಂಡಸಿಗೆ ಸುಲಭದ ಮಾತಲ್ಲ. ಊಟದ ತಟ್ಟೆಯ ಮುಂದೆ ಅವನು ಕೂರುವ ರೀತಿ ನೋಡಿದರೆ ಸಾಕು, ಒಂದು ಮಂಡಿ ಯಾವಾಗಲೂ ಏಳುವುದಕ್ಕೆ ತಯಾರಾಗಿಯೇ ಇರುತ್ತಿತ್ತು.

ಅವರು ಬಂದ ನಾಲ್ಕನೆಯ ದಿನ ಮಧ್ಯಾಹ್ನ ನನ್ನ ಗಂಡ, ಕಾರಿನ ಏಸಿ ರಿಪೇರಿಗೆ ಊರಿನವರು ಖಲಫ್ ಉಸ್ತಾ, ಅಂದರೆ ಖಲಫ್ ಮೇಸ್ತ್ರಿ, ಎನ್ನುವ ಮನುಷ್ಯ, ಊಟ ಮಾಡದೆ ಎದ್ದರು. ನಾನು ಹಿಂದೆಯೇ ಹೋದೆ. ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು.

“ಉಮ್ ಹಾಜಿಮ್,” ಎಂದರು; ಮಗ ಹಾಜಿಮನ ಅಮ್ಮ ಎಂದೇ ಅವರು ನನ್ನನ್ನು ಕರೆಯುವುದು. “ಬಾಗಿಲು ಹಾಕು.”

ಹಾಕಿದೆ.

“ಆ ಕಾರಿನಲ್ಲಿ ಬಿಸಿ ಬರೋ ಹಾಗೇ ಇರ್ಲಿಲ್ಲ. ನಾನೇ ತಪ್ಪಿಸಿದ್ದೆ.”

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಜುಲೈನಲ್ಲಿ ಸಬ್ರಿ ಕಾರು ತಂದಾಗ ತಂಪು ಬರುತ್ತಿರಲಿಲ್ಲ. ಏಸಿಯಲ್ಲಿ ದೋಷವಿರಲಿಲ್ಲ, ಹೀಟರಿಗೆ ಹೋಗುವ ಬಿಸಿನೀರನ್ನು ತಡೆಯುವ ವಾಲ್ವು ಸೋರುತ್ತಿತ್ತು. ಹಿಡಿಯನ್ನು ನೀಲಿಗೆ ತಳ್ಳಿದರೂ ಬಿಸಿನೀರು ಒಳಗೆ ನುಸುಳಿ ತಂಪಿನ ಜೊತೆ ಬೆರೆಯುತ್ತಿತ್ತು. ಅಂಥ ವಾಲ್ವು ಬಜಾರಿನಲ್ಲಿ ಸಿಗುವುದಿಲ್ಲ. ಅದಕ್ಕೆ ಅವರು ಎಲ್ಲ ಕಾರಿಗೂ ಮಾಡುವುದನ್ನೇ ಅದಕ್ಕೂ ಮಾಡಿದರು. ಎಂಜಿನ್ನಿನಿಂದ ಹೀಟರಿಗೆ ಹೋಗುವ ರಬ್ಬರು ಪೈಪು ಒಂದು, ವಾಪಸು ಬರುವುದು ಒಂದು. ಎರಡನ್ನೂ ಕಿತ್ತು, ಗೇಣುದ್ದದ ತಾಮ್ರದ ಕೊಳವೆಯನ್ನು ಬಗ್ಗಿಸಿ ಒಂದಕ್ಕೊಂದು ಸೇರಿಸಿಬಿಟ್ಟರು. ಬಿಸಿನೀರು ಬಂದ ದಾರಿಯಲ್ಲೇ ತಿರುಗಿ ಹೋಗುತ್ತದೆ, ಒಳಗೆ ಕಾಲಿಡುವುದೇ ಇಲ್ಲ. ಆಮೇಲೆ ಬರುವ ಗಾಳಿ ಹೇಗಿರುತ್ತದೆಂದರೆ ಗಿರಾಕಿಗಳು ಕಾರಿನಿಂದ ಇಳಿಯಲು ಒಪ್ಪುವುದಿಲ್ಲ.

“ಎಲ್ಲಾ ಕಾರಿಗೂ ಅಂದ್ರಿ.”

“ಬಸ್ರಾದಲ್ಲಿ ಹೀಟರ್ ಯಾವನಿಗೆ ಬೇಕು? ಹದಿನೆಂಟು ವರ್ಷದಿಂದ ಮಾಡ್ತಿದೀನಿ.”

“ಹೇಳಿರ್ಲಿಲ್ವಾ ಅವನಿಗೆ?”

ಅವರು ತಲೆ ಬಗ್ಗಿಸಿದರು. ಹೇಳಿರಲಿಲ್ಲ. ಯಾರಿಗೂ ಹೇಳುತ್ತಿರಲಿಲ್ಲ. ಪಕ್ಕದ ಅಂಗಡಿಯವರು ಗ್ಯಾಸ್ ತುಂಬಿ ತುಂಬಿ ಸೋತು ಗಿರಾಕಿಯನ್ನು ಇವರ ಹತ್ತಿರ ಕಳಿಸುತ್ತಿದ್ದರು. ಇವರು ಬಾನೆಟ್ಟಿನ ಮೇಲೆ ಕಂಬಳಿ ಹೊದಿಸಿಕೊಂಡು ಅರ್ಧ ಗಂಟೆ ಕೆಲಸ ಮಾಡಿ, ಮೇಲೆದ್ದು, “ಹೋಗು, ಮೋಸುಲ್ ತಂದಿಟ್ಟಿದೀನಿ,” ಎನ್ನುತ್ತಿದ್ದರು. ಕೈಗುಣ ಎಂದು ಊರೆಲ್ಲ ಹೊಗಳಿತು. ಅದು ಒಂದು ತುಂಡು ತಾಮ್ರ ಎಂದು ಹೇಳುವ ಮನಸ್ಸು ಯಾರಿಗೆ ಬಂದೀತು?

“ಸಬ್ರಿ ಉತ್ತರಕ್ಕೆ ಹೋಗೋ ಡ್ರೈವರು. ಚಳಿಗಾಲಕ್ಕೆ ಮುಂಚೆ ಕರೆಸಿ ಬಿಚ್ಬೇಕು ಅಂತಿದ್ದೆ. ಮರೆತೆ. ನನ್ನಾಣೆ, ಮರೆತೇಬಿಟ್ಟೆ.”

“ಹಾಗಾದ್ರೆ ಹಾಜಿ ಯೂನಿಸ್‌ಗೆ ಹೇಳಿ. ಕಾಗದ ಬರೆಯೋಣ.”

ಆ ವರ್ಷ ಓಣಿಯ ಹೆಂಗಸರೆಲ್ಲ ಸಂಜೆ ತರಗತಿಗೆ ಹೋಗುತ್ತಿದ್ದೆವು, ಸರಕಾರದ ಕಟ್ಟಪ್ಪಣೆ. ನನಗೆ ಅಕ್ಷರ ಕೂಡಿಸಿ ಬರೆಯುವಷ್ಟು ಬಂದಿತ್ತು. ಇವರ ವಯಸ್ಸಿನವರಿಗೆ ಆ ಅಪ್ಪಣೆ ಇರಲಿಲ್ಲವಾದ್ದರಿಂದ ಸಹಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

“ಬರೆಯೋಣ,” ಎಂದರು. “ಶುಕ್ರವಾರ ಅಂಗಡಿ ರಜಾ. ಆವತ್ತು ಕೂತು ಬರೆಯೋಣ. ಅಲ್ಲಿ ತನಕ ಹುಡುಗರಿಗೆ ಹೇಳ್ಬೇಡ.”

ಆ ಶುಕ್ರವಾರ ಅವರ ತಮ್ಮ ಬಂದ. ಮುಂದಿನ ಶುಕ್ರವಾರ ಸೊಂಟ ನೋವು. ಅದರ ಮುಂದಿನದು ಮಳೆ. ನಾನು ಕಾಗದ, ಪೆನ್ನು ತಂದು ಪಕ್ಕದಲ್ಲಿಡುತ್ತಿದ್ದೆ, ಅವರು ಚಹಾ ಕೇಳುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಅಳಿಯನ ತಟ್ಟೆಗೆ ಮೀನಿನ ಹೊಟ್ಟೆಯ ತುಂಡನ್ನು ತಾವೇ ಎತ್ತಿ ಹಾಕುತ್ತಿದ್ದರು. ಮುಳ್ಳು ಬಿಡಿಸಿ ಹಾಕುತ್ತಿದ್ದರು, ಅವನ ಬಲಗೈ ಪಟ್ಟಿಯಲ್ಲಿತ್ತಲ್ಲ. ಸಬ್ರಿ ನಾಚಿಕೆಯಿಂದ, “ಮಾವ, ಸಾಕು, ನೀವು ತಿನ್ನಿ,” ಎನ್ನುತ್ತಿದ್ದ. ಆ ಮುಳ್ಳು ಬಿಡಿಸುವುದನ್ನು ನೋಡಲಾರದೆ ನಾನು ನೀರು ತರುವ ನೆಪದಲ್ಲಿ ಏಳುತ್ತಿದ್ದೆ.

ದಿಂಬಿನ ಮಾತು ಬಂದ ಆ ದಿನವೂ ಹಾಗೇ ಆಯಿತು. ಎಲ್ಲರೂ ತಟ್ಟೆಯ ಸುತ್ತ ಕೂತಿದ್ದೆವು. ನನ್ನ ಮಗ ಹಾಜಿಮ್ ಸೇನೆಯ ಎರಡು ವರ್ಷದ ಕಡ್ಡಾಯ ಮುಗಿಸಿ ಅಕ್ಟೋಬರಿನಲ್ಲಷ್ಟೇ ಬಂದು ಅಪ್ಪನ ಅಂಗಡಿ ಸೇರಿದ್ದ. ಅವನಿಗೆ ಬಾಯಿ ಸುಮ್ಮನಿರುವುದಿಲ್ಲ.

“ಬಾವ, ನಾಳೆಯಿಂದ ಅಂಗಡಿಗೆ ಬನ್ನಿ. ಒಂದು ಕೈಯಲ್ಲಿ ಸ್ಪ್ಯಾನರ್ ಕೊಟ್ರೂ ಸಾಕು. ಮನೇಲಿ ಕೂತು ಅಕ್ಕನ ಜೊತೆ ಈರುಳ್ಳಿ ಹೆಚ್ಚಿದ್ರೆ ಇನ್ನೊಂದು ಹೆಸರು ಇಡ್ತಾರೆ.”

“ನಿನ್ನ ನಾಲಿಗೆಗೂ ಒಂದು ಪಟ್ಟಿ ಕಟ್ಟಿಸ್ಬೇಕು,” ಎಂದಳು ಬುಸೈನಾ.

ಸಬ್ರಿ ನಕ್ಕ. ಬಹಳ ದಿನದ ಮೇಲೆ. “ಬರ್ತೀನಿ. ನಿಲ್ದಾಣದಲ್ಲಿ ಗೊರಕೆ ಕೇಳೋದಕ್ಕಿಂತ ಅದೇ ವಾಸಿ.”

ನದಾ ಅಜ್ಜನ ಮಡಿಲಿಗೆ ಒರಗಿದಳು. “ಜಿದ್ದು, ಕಾರಿನಲ್ಲಿ ನೀಲಿ ಕಡೆ ತಳ್ಳಿದ್ರೆ ತಣ್ಣಗೆ ಜಾಸ್ತಿ ಆಗತ್ತಾ?”

ಈ ವಿಷಯವೆಂದರೆ ಅವರಿಗೆ ಹಬ್ಬ. ಎಲ್ಲವನ್ನೂ ಮರೆತು ಶುರುಮಾಡಿದರು: “ಇಲ್ಲ ಕಣ್ಣೇ. ಎಲ್ಲರೂ ಹಾಗೇ ತಿಳ್ಕೊಂಡಿರ್ತಾರೆ. ಈ ಹಳೇ ಕಾರಿನ ಏಸಿಗೆ ಒಂದೇ ವಿದ್ಯೆ ಗೊತ್ತು. ಹಾಕಿದ್ರೆ ಪೂರ್ತಿ ತಣ್ಣಗೆ. ಅರ್ಧ ತಣ್ಣಗೆ, ಕಾಲು ತಣ್ಣಗೆ ಅನ್ನೋದು ಅದಕ್ಕೆ ಬರಲ್ಲ. ಇಲ್ಲಿ ನೋಡು.” ಚಹಾದ ಎರಡು ಪಾತ್ರೆಗಳನ್ನು ಹತ್ತಿರ ಎಳೆದರು. “ಈ ಚಿಕ್ಕದರಲ್ಲಿ ಗಟ್ಟಿ ಡಿಕಾಕ್ಷನ್ನು, ದೊಡ್ಡದರಲ್ಲಿ ಬರೀ ಬಿಸಿನೀರು. ನಿಂಗೆ ತೆಳು ಚಹಾ ಬೇಕು ಅಂದ್ರೆ ಬೀಬಿ ಡಿಕಾಕ್ಷನ್ನನ್ನೇ ಬೇರೆ ಕುದಿಸ್ತಾಳಾ? ಇಲ್ಲ, ನೀರು ಜಾಸ್ತಿ ಬೆರೆಸ್ತಾಳೆ. ಕಾರಿನಲ್ಲೂ ಅಷ್ಟೇ. ಗಾಳಿ ಮೊದಲು ತಣ್ಣನೆ ಜಾಲರಿ ದಾಟಿ ಬರತ್ತೆ. ಮುಂದೆ ಒಂದು ಪುಟ್ಟ ರೇಡಿಯೇಟರು, ಅದರಲ್ಲಿ ಎಂಜಿನ್ನಿನ ಬಿಸಿನೀರು. ಎರಡರ ಮಧ್ಯೆ ಒಂದು ತಗಡಿನ ಬಾಗಿಲು. ಹಿಡಿಗೆ ಕಟ್ಟಿರೋ ತಂತಿ ಆ ಬಾಗಿಲನ್ನ ಎಳೆಯತ್ತೆ. ನೀಲಿಗೆ ತಳ್ಳು, ಬಿಸಿ ಕಡೆ ಮುಚ್ಚತ್ತೆ. ನಡುವೆ ಇಡು, ಸ್ವಲ್ಪ ಬೆರೆಯತ್ತೆ. ಕೆಂಪಿಗೆ ತಳ್ಳು—”

“ಕೆಂಪಿಗೆ ತಳ್ಳಿದ್ರೂ ಬಿಸಿ ಬರ್ಲಿಲ್ಲ ಅಂದ್ರೆ?” ಎಂದಳು ನದಾ.

“ಹಾಂ!” ಸಬ್ರಿ ಎಡಗೈಯಿಂದ ನೆಲ ತಟ್ಟಿದ. “ಒಂಬತ್ತು ವರ್ಷದ ಮಗು ಕೇಳ್ತು ನೋಡಿ! ಟ್ರಾಫಿಕ್ ಸಾಹೇಬ ಕೇಳ್ಲಿಲ್ಲ. ಮಾವ, ನೀವೇ ಹೇಳಿ. ತಂತಿ ಕಿತ್ತಿರಬಹುದಾ? ಬಾಗಿಲು ಕಚ್ಕೊಂಡಿರಬಹುದಾ?”

ನನ್ನ ಗಂಡ ಚಿಕ್ಕ ಪಾತ್ರೆಯನ್ನು ದೊಡ್ಡದರ ಮೇಲೆ ಇಟ್ಟರು. ಸರಿಯಾಗಿ ಕೂರಲಿಲ್ಲ, ಮತ್ತೆ ಇಟ್ಟರು.

“ಇರಬಹುದು,” ಎಂದರು. “ಹಳೇ ಕಾರು. ಏನು ಬೇಕಾದ್ರೂ ಆಗಿರಬಹುದು.”

“ಅಷ್ಟನ್ನೇ ಹಾಜಿ ಯೂನಿಸ್‌ಗೆ ಒಂದು ಮಾತು ಹೇಳಿದ್ರೆ? ನಿಮ್ಮ ಮಾತು ಅಂದ್ರೆ ಅವರಿಗೆ ತೂಕ.”

“ನೋಡೋಣ. ಶುಕ್ರವಾರ ಬರಲಿ.”

ಅವರು ಎದ್ದು ಹೋದರು. ಚಹಾ ಯಾರೂ ಕುಡಿಯಲಿಲ್ಲ.

ಮಾರ್ಚಿ ಮುಗಿಯುವ ಹೊತ್ತಿಗೆ ಕೈಯ ಪಟ್ಟಿ ಬಿಚ್ಚಿದರು. ಮಣಿಕಟ್ಟು ತೆಳ್ಳಗೆ ಬಿಳಿಚಿಕೊಂಡು ಬೇರೆ ಯಾರದೋ ಕೈಯಂತೆ ಕಾಣುತ್ತಿತ್ತು. ಸಬ್ರಿ ದಿನವೂ ಹಿಟ್ಟಿನ ಉಂಡೆ ಹಿಸುಕಿ ಹಿಸುಕಿ ಅದಕ್ಕೆ ಬಲ ತಂದುಕೊಂಡ. ನನ್ನ ರೊಟ್ಟಿ ಹಿಟ್ಟನ್ನು ಅವನೇ ನಾದುತ್ತಿದ್ದ. “ಅತ್ತೆ, ಈ ಕೈ ಸ್ಟೇರಿಂಗ್ ಹಿಡಿಯೋಕೆ ತಯಾರು. ಸ್ಟೇರಿಂಗ್ ಎಲ್ಲಿ?” ಎನ್ನುತ್ತಿದ್ದ. ಅದೇ ವಾರ ಮೋಸುಲಿನ ಟ್ರಾಫಿಕ್ ಕಚೇರಿಯಿಂದ ಕಾಗದ ಬಂತು. ಏಪ್ರಿಲ್ ಕೊನೆಯೊಳಗೆ ಮಾಲೀಕರು ಬೇರೆ ಹೇಳಿಕೆ ಕೊಡದಿದ್ದರೆ ಲೈಸೆನ್ಸು ಕಾಯಮ್ಮಾಗಿ ರದ್ದು. ನಾನೇ ಬೆರಳಿಟ್ಟು ಓದಿದೆ. ಓದಲು ಕಲಿತದ್ದಕ್ಕೆ ಅಂದು ಸಂತೋಷವಾಗಲಿಲ್ಲ.

ಆ ಸಂಜೆ ರೊಟ್ಟಿ ಒಲೆಯ ಹತ್ತಿರ ಅವರನ್ನು ಹಿಡಿದೆ.

“ಇನ್ನು ನಾಲ್ಕೇ ಶುಕ್ರವಾರ ಇರೋದು, ಅಬು ಹಾಜಿಮ್.”

“ಗೊತ್ತು.”

“ಗೊತ್ತಿದ್ದು?”

“ಬೇಸಿಗೆ ಶುರುವಾಗ್ತಿದೆ. ಈಗ ಈ ಮಾತು ಹೊರಗೆ ಬಂದ್ರೆ ಅಂಗಡಿ ಮುಂದೆ ಕಾರು ನಿಲ್ಲಲ್ಲ, ಜಗಳ ನಿಲ್ಲತ್ತೆ. ಹದಿನೆಂಟು ವರ್ಷದ ಕಾರುಗಳು! ಹಾಜಿಮ್ ಮದುವೆ ಇದೆ. ಅವನು ಏನು ಮಾಡ್ಬೇಕು?”

“ಸಬ್ರಿ ಏನು ಮಾಡ್ಬೇಕು?”

“ಅವನಿಗೆ ನಮ್ಮ ಅಂಗಡೀಲೇ ಕೆಲಸ ಇದೆ. ಸಾಯೋತನಕ ಇರ್ಲಿ. ನಾನು ಬೇಡ ಅಂದೆನಾ?”

“ಅವನು ಡ್ರೈವರು. ನಿಮ್ಮನ್ನ ಯಾರಾದ್ರೂ ಸಾಯೋತನಕ ಬೇರೆಯವರ ಕಾರು ತೊಳಿ ಅಂದ್ರೆ?”

“ನಿನಗೆ ಅಕ್ಷರ ಬಂದಮೇಲೆ ಬಾಯೂ ಬಂತು,” ಎಂದರು. ಕೋಪದಿಂದ ಅಲ್ಲ, ದಣಿದವರ ಹಾಗೆ. ನಾನು ರೊಟ್ಟಿಯನ್ನು ಒಲೆಯ ಗೋಡೆಗೆ ಬಡಿದೆ. ನಾನೇ ಹೋಗಿ ಮಗಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಗಂಡನ ಬಾಯಿಂದ ಬರಲಿ ಎಂದು ಕಾದೆ. ಕಾಯುವುದು ನನಗೆ ಅಭ್ಯಾಸ, ಅದನ್ನು ಒಳ್ಳೆಯತನ ಎಂದುಕೊಂಡುಬಿಟ್ಟಿದ್ದೆ.

ಏಪ್ರಿಲಿನ ಎರಡನೆಯ ವಾರ ಬಿಸಿಲು ಒಮ್ಮೆಲೇ ಏರಿತು. ಅಂಗಡಿಯ ಮುಂದೆ ಐದಾರು ಕಾರು ಸಾಲು ನಿಂತವು. ನಾನು ಮೂರು ಅಂತಸ್ತಿನ ಡಬ್ಬಿಯಲ್ಲಿ ಅನ್ನ, ಬೆಂಡೆಕಾಯಿ ಸಾರು, ಉಪ್ಪಿನಕಾಯಿ ತುಂಬಿಕೊಂಡು ಹೋದೆ. ನನ್ನ ಗಂಡ ಬಜಾರಿಗೆ ಹೋಗಿದ್ದರು. ಹಾಜಿಮ್ ಒಂದು ಕಪ್ಪು ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಸಬ್ರಿ ಚಾಲಕನ ಸೀಟಿನಲ್ಲಿ ಕೂತು, ಇವನು ಹೇಳಿದ ಹಾಗೆ ಹಿಡಿಯನ್ನು ಆಚೆ ಈಚೆ ತಳ್ಳುತ್ತಿದ್ದ.

“ನೀಲಿ!”

“ನೀಲಿ ಹಾಕಿದೆ. ಉಗುರು ಬೆಚ್ಚಗೆ ಬರ್ತಿದೆ.”

“ಬಾಗಿಲಿನ ಅಂಚಿನ ಸ್ಪಂಜು ತಿಂದುಹೋಗಿರತ್ತೆ. ಇರಿ, ಅಪ್ಪನ ಮಂತ್ರ ಹಾಕ್ತೀನಿ.”

ಹಾಜಿಮ್ ಬಾನೆಟ್ಟಿನ ಮೇಲೆ ಕಂಬಳಿ ಎಳೆದುಕೊಂಡ. ಸಬ್ರಿ ಇಳಿದು ಬಂದು ಕಂಬಳಿಯ ಅಂಚು ಎತ್ತಿ ಬಗ್ಗಿ ನೋಡಿದ. ನಾನು ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತೆ. ಕೂಗಬೇಕೆನಿಸಿತು, ಏನೆಂದು ಕೂಗಲಿ?

“ಇದೇನಿದು, ಹೀಟರಿನ ಪೈಪು ಯಾಕೆ ಕಿತ್ತೆ?”

“ಶ್! ಮನೆಯವರು ಅಂತ ತೋರಿಸ್ತಿದೀನಿ. ಹೀಟರಿಗೆ ನೀರೇ ಹೋಗದೇ ಇದ್ರೆ ಬಿಸಿ ಎಲ್ಲಿಂದ ಬೆರೆಯತ್ತೆ? ಇಷ್ಟೇ ಬಾವ ಅಪ್ಪನ ಕೈಗುಣ! ನಂಗೂ ಹೋದ ತಿಂಗಳೇ ಹೇಳಿಕೊಟ್ಟಿದ್ದು.”

“ಆಮೇಲೆ ಚಳಿಗಾಲದಲ್ಲಿ?”

“ಬಸ್ರಾದಲ್ಲಿ ಚಳಿಗಾಲ ಅಂದ್ರೆ ಒಂದು ಸ್ವೆಟರು. ಬಿಚ್ಚೋದೇ ಇಲ್ಲ. ಎಲ್ಲಾ ಕಾರಿಗೂ—”

ಹಾಜಿಮನ ಮಾತು ಅಲ್ಲಿಗೇ ನಿಂತಿತು. ಅವನ ಕೈಯಲ್ಲಿ ಬಗ್ಗಿದ ತಾಮ್ರದ ಕೊಳವೆ ಇತ್ತು. ಅವನು ಅದನ್ನು ನೋಡಿದ, ಸಬ್ರಿಯ ಮುಖ ನೋಡಿದ. “ಬಾವ,” ಎಂದ. “ನಿಮ್ಮ ಕಾರನ್ನ ಜುಲೈನಲ್ಲಿ… ನಾನು ಊರಲ್ಲಿರ್ಲಿಲ್ಲ. ದೇವರಾಣೆ, ನಂಗೊತ್ತಿಲ್ಲ.”

ಸಬ್ರಿ ಅವನ ಕೈಯಿಂದ ಕೊಳವೆ ತೆಗೆದುಕೊಂಡ. ತಿರುಗಿದಾಗ ಅವನ ಕಣ್ಣಿಗೆ ನಾನು ಬಿದ್ದೆ. ಎಷ್ಟು ಹೊತ್ತು ನೋಡಿದನೋ. ನಾನು ಕಣ್ಣು ತಗ್ಗಿಸಿದೆ. ಅಷ್ಟರಲ್ಲೇ ಅವನಿಗೆ ಎಲ್ಲಾ ತಿಳಿಯಿತು.

“ಅತ್ತೆ, ಊಟ ಅಲ್ಲಿಡಿ,” ಎಂದ. ಕೂಗಾಡಿದ್ದರೆ ಚೆನ್ನಾಗಿತ್ತು.

ಕೂಗಾಟ ಮನೆಯಲ್ಲಿ ಆಯಿತು. ನನ್ನ ಗಂಡ ಬರುವ ಹೊತ್ತಿಗೆ ಎಲ್ಲರೂ ಅಂಗಳದಲ್ಲಿ ನಿಂತಿದ್ದೆವು. ಸಬ್ರಿ ಕೊಳವೆಯನ್ನು ಅವರ ಕಾಲ ಹತ್ತಿರ ಇಟ್ಟ, ಎಸೆಯಲಿಲ್ಲ.

“ಮಾವ, ನನ್ನ ಕಾರಿಗೂ ಇದೇನಾ?”

ಸುಳ್ಳು ಹೇಳುತ್ತಾರೇನೋ ಎಂದು ನನಗೆ ಒಂದು ಕ್ಷಣ ಭಯವಾಯಿತು. ಅವರು, “ಹೌದು,” ಎಂದರು.

“ಮೂರು ತಿಂಗಳು! ಮೂರು ತಿಂಗಳು ನನ್ನ ಮುಂದೆ ಕೂತು ಮೀನಿನ ಮುಳ್ಳು ಬಿಡಿಸಿದ್ರಲ್ಲ!” ಸಬ್ರಿಯ ಧ್ವನಿ ಒಡೆಯಿತು. “ನಾನೇ ನಿದ್ದೆ ಮಾಡಿದ್ನೇನೋ ಅಂತ ನನಗೇ ಅನುಮಾನ ಬರೋಕೆ ಶುರುವಾಗಿತ್ತು. ಆ ಮೇಷ್ಟ್ರ ಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳಿ ಬಂದೆ. ಯಾವ ತಪ್ಪಿಗೆ?”

“ಸಬ್ರಿ, ಮಗನೇ—”

“ಮಗನೇ ಅನ್ಬೇಡಿ.”

ಬುಸೈನಾ ಅಪ್ಪನ ಮೇಲೆ ಹೋಗಲಿಲ್ಲ, ನನ್ನ ಮುಂದೆ ಬಂದು ನಿಂತಳು. “ಯುಮ್ಮಾ, ನಿಂಗೆ ಯಾವಾಗ ಗೊತ್ತಾಯ್ತು?”

“ನೀವು ಬಂದ ವಾರ.”

“ನದಾ ಆ ದಿಂಬಿನ ಮಾತು ತಂದಾಗ ಗೊತ್ತಿತ್ತಾ?”

“ಗೊತ್ತಿತ್ತು.”

“ನನ್ನ ಎದುರಿಗೇ ಕೂತು ಮೀನು ತೊಳೀತಿದ್ದೆ.” ಅಷ್ಟು ಹೇಳಿ ಅವಳು ಮಗಳ ಕೈ ಹಿಡಿದು ಮೇಲಿನ ಕೋಣೆಗೆ ಹೋದಳು. ಒಂಬತ್ತು ದಿನ ನನ್ನೊಂದಿಗೆ ಮಾತಾಡಲಿಲ್ಲ. ಸಣ್ಣ ಸ್ಟವ್ ಹಚ್ಚಿಕೊಂಡು ಮೇಲೆಯೇ ಅಡಿಗೆ ಮಾಡಿದಳು. ನದಾ ಮಧ್ಯೆ ಓಡಾಡುತ್ತಿದ್ದಳು: “ಬೀಬಿ, ಅಮ್ಮನಿಗೆ ಉಪ್ಪು ಬೇಕಂತೆ. ಅಮ್ಮ ಹೇಳಿದ್ದು ಅಂತ ಹೇಳ್ಬಾರದಂತೆ.”

ಹಾಜಿಮ್ ಮಾರನೆಯ ದಿನ ಬೆಳಿಗ್ಗೆ ಅಪ್ಪನಿಗೆ ಹೇಳಿದ: “ಯಾಬಾ, ಆ ಕಪ್ಪು ಕಾರಿಗೆ ನಾನು ಕೊಳವೆ ಹಾಕಲ್ಲ. ಸ್ಪಂಜು ಬದಲಾಯಿಸ್ತೀನಿ. ಎರಡು ದಿನ ಡ್ಯಾಶ್‌ಬೋರ್ಡ್ ಬಿಚ್ಬೇಕಾದ್ರೂ ಸರಿ.”

“ಎರಡು ದಿನ ಕಾಯೋ ಗಿರಾಕಿ ಯಾವನಿದಾನೆ?”

“ಕಾಯದವನು ಪಕ್ಕದ ಅಂಗಡಿಗೆ ಹೋಗ್ಲಿ. ನನ್ನ ಮದುವೆ ನೆಪ ಮಾತ್ರ ಹೇಳ್ಬೇಡಿ. ಆ ಹುಡುಗಿ ನಾಳೆ ನನ್ನನ್ನ ಕೇಳಿದ್ರೆ ನಾನೇನು ಹೇಳ್ಲಿ?”

ಅವರು ಕೀಲಿಕೈ ಎತ್ತಿಕೊಂಡು ಹೊರಟರು. ಅಂದು ಅಂಗಡಿಗೆ ಹೋದವರು ಬೇಗ ವಾಪಸು ಬಂದರು. ನಿಲ್ದಾಣದ ದಾರಿಯಾಗಿ ಬಂದಿದ್ದರಂತೆ. ಸಬ್ರಿ ಅಲ್ಲಿ ಕಾರು ತೊಳೆಯುವ ಕೆಲಸ ಕೇಳಿಕೊಂಡು ಸೇರಿಬಿಟ್ಟಿದ್ದ. ಇನ್ನು ಮಾವನ ಅಂಗಡಿಯ ಅನ್ನ ಬೇಡ ಎಂದು. ಇವರು ರಸ್ತೆಯ ಆಚೆ ಬದಿ ನಿಂತು ನೋಡಿದರು. ಬಕೆಟ್ಟು ಹಿಡಿದು ಬಗ್ಗಿದ್ದವನ ಹಿಂದಿನಿಂದ ಒಬ್ಬ ಡ್ರೈವರು ಹೋಗಿ ಬಾನೆಟ್ಟಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದನಂತೆ. ಎಲ್ಲರೂ ನಕ್ಕರಂತೆ. ಸಬ್ರಿಯೂ ನಕ್ಕನಂತೆ.

“ಅವನೂ ನಕ್ಕ, ಉಮ್ ಹಾಜಿಮ್,” ಎಂದರು. ಶರ್ಟಿನ ಗುಂಡಿ ಬಿಚ್ಚಲು ಹೋದ ಕೈ ಅಲ್ಲೇ ನಿಂತಿತ್ತು. “ಕಾಗದ ತಗೊಂಡು ಬಾ.”

“ಇವತ್ತು ಸೋಮವಾರ.”

“ಗೊತ್ತು. ತಗೊಂಡು ಬಾ.”

ಅವರು ಹೇಳಿದರು, ನಾನು ಬರೆದೆ. ಸಲಾಮು, ಕ್ಷೇಮ ಸಮಾಚಾರ ಎಲ್ಲ ಎರಡು ಸಾಲಿನಲ್ಲಿ ಮುಗಿಯಿತು. ಆಮೇಲೆ ತೊಡಕು. ‘ವಾಲ್ವು ಸೋರುತ್ತಿತ್ತು, ಅದಕ್ಕೇ’ ಎಂದು ಶುರುಮಾಡಿಸಿ, “ಅದನ್ನ ಹೊಡೆದು ಹಾಕು, ನೆಪದ ಹಾಗೆ ಕೇಳತ್ತೆ,” ಎಂದರು. ‘ಅಳಿಯನ ಮೇಲೆ ಕರುಣೆಯಿಟ್ಟು’ ಎಂದು ಬರೆಸಿ, “ಅದನ್ನೂ ಹೊಡೆದು ಹಾಕು. ಕರುಣೆ ಯಾಕೆ, ಅವನೇನು ತಪ್ಪು ಮಾಡಿದಾನೆ?” ಎಂದರು. ಮೂರು ಹಾಳೆ ಹಾಳಾದವು. ಕೊನೆಗೆ ಉಳಿದದ್ದು ಇಷ್ಟು:

‘ನಿಮ್ಮ ಕಾರಿನ ಹೀಟರಿಗೆ ಬಿಸಿನೀರು ಹೋಗದ ಹಾಗೆ ಜುಲೈ ತಿಂಗಳಲ್ಲಿ ನಾನೇ ಮಾಡಿದ್ದೆ. ಎರಡು ಪೈಪುಗಳ ನಡುವೆ ತಾಮ್ರದ ಕೊಳವೆ ಇದೆ, ಎಂಜಿನ್ನಿನ ಹಿಂದೆ ಬಲಗಡೆ, ಬಿಚ್ಚಿಸಿ ನೋಡಿ. ಸಬ್ರಿಗೆ ಹೇಳಿರಲಿಲ್ಲ. ಹಿಡಿಯನ್ನು ಎಷ್ಟು ತಳ್ಳಿದರೂ ಅದರಲ್ಲಿ ಬಿಸಿ ಬರುವಂತಿರಲಿಲ್ಲ, ಗಾಜು ತಿಳಿಯಾಗುವಂತಿರಲಿಲ್ಲ. ಅವನು ನಿದ್ದೆ ಮಾಡಿಲ್ಲ. ಇದನ್ನು ಟ್ರಾಫಿಕ್ ಕಚೇರಿಯಲ್ಲಿ ತೋರಿಸಿ. ಬೇಕಾದರೆ ನಾನೇ ಬಂದು ಹೇಳುತ್ತೇನೆ. ಅಲ್ಲಿಂದ ಬರುವ ಡ್ರೈವರುಗಳಿಂದ ಬಸ್ರಾ ನಿಲ್ದಾಣದಲ್ಲಿಯೂ ಓದಿ ಹೇಳಿಸಿ.’

“ಕೊನೇ ಸಾಲು ಬೇಕಾ?” ಎಂದು ಕೇಳಿದೆ.

“ಅದಕ್ಕೋಸ್ಕರಾನೇ ಮಿಕ್ಕಿದ್ದು.”

ಅವರು ಸಹಿ ಹಾಕಿದರು. ಸ್ಪ್ಯಾನರು ಹಿಡಿದ ಹಾಗೆ ಪೆನ್ನು ಹಿಡಿಯುತ್ತಾರೆ. ಸಬ್ರಿ ಆಗಷ್ಟೇ ಒದ್ದೆ ಪ್ಯಾಂಟಿನಲ್ಲಿ ಬಂದ. ನಾನು ಹಾಳೆಯನ್ನು ಅವನ ಮುಂದೆ ಚಾಚಿದೆ. ನಿಂತುಕೊಂಡೇ ಎರಡು ಸಲ ಓದಿ ವಾಪಸು ಕೊಟ್ಟ.

“ಕಳಿಸಿದ ಮೇಲೆ ಹೇಳಿ,” ಎಂದು ಮೆಟ್ಟಿಲು ಹತ್ತಿದ.

ಮಂಗಳವಾರ ಬೆಳಿಗ್ಗೆ ಅಂಗಡಿಯ ಮುಂದೆ ಆರು ಕಾರು ನಿಂತಿದ್ದವು. ನನ್ನ ಗಂಡ ಶಟರು ಎತ್ತಲಿಲ್ಲ. “ಹನ್ನೊಂದು ಗಂಟೆಗೆ ಬನ್ನಿ. ನಿಮಗೂ ಒಂದು ಮಾತು ಹೇಳೋದಿದೆ,” ಎಂದು ಡ್ರೈವರುಗಳಿಗೆ ಹೇಳಿ ನನ್ನ ಜೊತೆ ಅಂಚೆ ಕಚೇರಿಗೆ ನಡೆದರು. ನಾನು ಮೈಮುಚ್ಚುವ ಅಬಾಯಾದ ಒಳಗೆ ಲಕೋಟೆ ಹಿಡಿದಿದ್ದೆ. ಇದೆಯಾ ಎಂದು ದಾರಿಯಲ್ಲಿ ಎರಡು ಸಲ ಕೇಳಿದರು. ಇದೆ ಎಂದೆ.

ಕಿಟಕಿಯ ಹಿಂದಿನ ಗುಮಾಸ್ತ ಇವರನ್ನು ಕಂಡ ಕೂಡಲೇ ಎದ್ದು ನಿಂತ. “ಓಹೋ, ಖಲಫ್ ಉಸ್ತಾ! ಸೂರ್ಯ ಎಲ್ಲಿ ಹುಟ್ಟಿದ ಇವತ್ತು? ರಿಜಿಸ್ಟರಾ, ಸಾದಾನಾ?”

“ರಿಜಿಸ್ಟರು.”

“ಕಳಿಸೋರ ಹೆಸರು ಬರೀ ಖಲಫ್ ಅಂತಿದೆ. ಖಲಫ್‌ಗಳು ಊರ ತುಂಬ ಇದಾರೆ.”

ನನ್ನ ಗಂಡ ನನ್ನನ್ನು ನೋಡಿದರು. ಗುಮಾಸ್ತನ ಪೆನ್ನು ತೆಗೆದುಕೊಂಡು, ಅವರು ಹೇಳಿದ ಹಾಗೆ ನಾನು ಸೇರಿಸಿದೆ: ಕಾರಿನ ಏಸಿ ರಿಪೇರಿ, ಅಶಾರ್, ಬಸ್ರಾ.

ಗುಮಾಸ್ತ ಅಂಚೆಚೀಟಿ ನೆಕ್ಕಿ ಅಂಟಿಸುತ್ತಾ, “ಉಸ್ತಾ, ನೀವು ಮಾಡಿಕೊಟ್ಟ ತಂಪು ಈಗಲೂ ಹಾಗೇ ಇದೆ ನೋಡಿ. ಈ ಡಿಸೆಂಬರಿನಲ್ಲಿ ಹೆಂಡತಿ ಮಕ್ಕಳನ್ನ ಕರ್ಕೊಂಡು ಹಿಮ ನೋಡೋಕೆ ಬೆಟ್ಟದ ಕಡೆ ಹೋಗೋಣ ಅಂತಿದೀನಿ,” ಎಂದ.

ನನ್ನ ಗಂಡ ಕಿಟಕಿಯ ಸರಳು ಹಿಡಿದುಕೊಂಡರು.

“ಹೋಗೋ ಮುಂಚೆ ಕಾರು ತಗೊಂಡು ಬಾ. ನಿನ್ನ ಹೀಟರಿನ ನೀರನ್ನ ನಾನು ಕಟ್ಟಿಹಾಕಿದೀನಿ. ತಾಮ್ರದ ಒಂದು ಕೊಳವೆ, ಬೇರೇನಿಲ್ಲ. ಅದನ್ನ ಬಿಚ್ಚಿಕೊಡ್ತೀನಿ. ಬಿಚ್ಚದೆ ಹೋಗ್ಬೇಡ, ಮಕ್ಕಳಿರ್ತಾರೆ.”

“ಕೊಳವೆನಾ?” ಎಂದ ಗುಮಾಸ್ತ. ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದ. “ಅಷ್ಟೇನಾ?”

“ಅಷ್ಟೇ,” ಎಂದರು ನನ್ನ ಗಂಡ.

ಅವನು ಮುದ್ರೆಯೆತ್ತಿ ಲಕೋಟೆಯ ಮೇಲೆ ಎರಡು ಸಲ ಬಡಿದು, ಹಿಂದಕ್ಕೆ ತಿರುಗಿ ಅದನ್ನು ಮೋಸುಲಿನ ಚೀಲಕ್ಕೆ ಹಾಕಿದ.